ಓದುಗರ ಪ್ರಶ್ನೆಗಳಿಗೆ ಉತ್ತರ: ಕಾಡಿಗೊಯ್ಯುವ ಚಾಕು ಹೇಗಿರಬೇಕು?

ಬುಷ್‌ಕ್ರಾಫ್ಟ್ (ಕಾಡಿನಲ್ಲಿ ಸಿಗುವುದನ್ನೇ ಬಳಸಿ ಬದುಕುವ ಕೌಶಲ), ಚಾರಣ, ಬಯಲು ಬಿಡಾರದ ಕೆಲಸಕ್ಕೆ ಮಡಚದ ಚಾಕು ಆರಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬುಷ್‌ಕ್ರಾಫ್ಟ್ ಕಲಿಯಲು ಹೊರಟಿದ್ದೇನೆ. ಮೊದಲ ಚಾಕುವಾಗಿ 6 ಮಿ.ಮೀ. ದಪ್ಪದ, 15 ಸೆಂ.ಮೀ. ಉದ್ದದ ಅಲಗಿರುವ ಒಂದನ್ನು ನೋಡಿಟ್ಟಿದ್ದೇನೆ. ಏನು ಮಾಡಿದರೂ ಮುರಿಯದು ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಮೊದಲ ಚಾಕುವಾಗಿ ಬೇಡ. ಅದು ಮುರಿಯಲಿಕ್ಕಿಲ್ಲ ನಿಜ, ಆದರೆ ನಿಮ್ಮ ಕೆಲಸಕ್ಕೆ ಒಗ್ಗುವುದೂ ಇಲ್ಲ. ಕಾಡಿನಲ್ಲಿ ಚಾಕುವಿನ ಪಾಲಿಗೆ ಬೀಳುವ ಕೆಲಸಗಳನ್ನೊಮ್ಮೆ ನೋಡಿ: ಗುಡಾರದ ಗೂಟ ಚೂಪು ಮಾಡುವುದು, ಕೋಲಿಗೆ ಕಚ್ಚು ಹಾಕುವುದು, ಬೆಂಕಿ ಹೊತ್ತಿಸಲು ಒಣಕಟ್ಟಿಗೆಯಿಂದ ತೆಳು ಸುರುಳಿ ಹೆರೆಯುವುದು, ಹಗ್ಗ ಕತ್ತರಿಸುವುದು, ತರಕಾರಿ ಹೆಚ್ಚುವುದು, ಮೀನು ಸೀಳುವುದು. ಎಲ್ಲವೂ ಕೊಯ್ಯುವ, ಹೆರೆಯುವ ಕೆಲಸಗಳೇ. ಇವಕ್ಕೆ ಬೇಕಾದದ್ದು ತೆಳುವಾದ ಬಾಯಿ, ಕೈಯಲ್ಲಿ ಸರಿಯಾಗಿ ಕೂರುವ ಹಿಡಿ. ದಪ್ಪ ಅಲಗು ಮರದೊಳಗೆ ಇಳಿಯುತ್ತಿದ್ದಂತೆ ನಾರನ್ನು ಕೊಯ್ಯುವುದು ಬಿಟ್ಟು ಆಚೀಚೆ ತಳ್ಳತೊಡಗುತ್ತದೆ. ಕ್ಯಾರೆಟ್ ಹೆಚ್ಚಲು ಹೋದರೆ ಬಿಲ್ಲೆ ಬರುವುದಿಲ್ಲ, ಅರ್ಧಕ್ಕೇ ಪಟ್ಟೆಂದು ಸೀಳುತ್ತದೆ.

ದಪ್ಪದಿಂದ ಸಿಗುವ ಬಲ ಎಂಥದ್ದೆಂದೂ ತಿಳಿದುಕೊಳ್ಳಿ. ಉಕ್ಕಿನ ಪಟ್ಟಿ ಬಾಗದೆ ನಿಲ್ಲುವ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಉಳಿದೆಲ್ಲ ಒಂದೇ ಆಗಿದ್ದರೆ 3 ಮಿ.ಮೀ. ಅಲಗಿಗಿಂತ 4 ಮಿ.ಮೀ. ಅಲಗು ಸುಮಾರು 2.4 ಪಟ್ಟು ಬಿಗಿ, 6 ಮಿ.ಮೀ.ನದು 8 ಪಟ್ಟು ಬಿಗಿ. ಅಷ್ಟೊಂದು ಬಿಗಿತ ಬೇಕಾಗುವುದು ಚಾಕುವನ್ನು ಹಾರೆಯಂತೆ ಸಂದಿಗೆ ತೂರಿಸಿ ಮೀಟುವಾಗ ಮಾತ್ರ. ಮೀಟಲೇಬೇಕಿದ್ದರೆ ಚಾಕುವಿನಿಂದ ಒಂದು ಗಟ್ಟಿ ಕೋಲನ್ನು ಚಪ್ಪಟೆಯಾಗಿ ಚೂಪು ಮಾಡಿಕೊಂಡು ಅದರಿಂದ ಮೀಟಿ.

ಮೊದಲ ಚಾಕುವಿಗೆ ನಮ್ಮ ಅಳತೆ ಇದು: ಅಲಗು 9ರಿಂದ 12 ಸೆಂ.ಮೀ. ಉದ್ದ, ಬೆನ್ನಿನಲ್ಲಿ 2.5ರಿಂದ 4 ಮಿ.ಮೀ. ದಪ್ಪ. 9 ಸೆಂ.ಮೀ.ಗಿಂತ ಗಿಡ್ಡವಾದರೆ ಸಣ್ಣ ಕಟ್ಟಿಗೆ ಸೀಳುವುದೂ ಕಷ್ಟ. 12 ದಾಟಿದರೆ ಮೊನೆ ಕೈಯಿಂದ ದೂರ ಹೋಗಿ ಸೂಕ್ಷ್ಮ ಕೆತ್ತನೆಯಲ್ಲಿ ಹಿಡಿತ ತಪ್ಪುತ್ತದೆ. ಅಂದಾಜಿಗೆ ಬೇಕೆಂದರೆ, ಮೋರಾ ಕಂಪನಿಯ ಕಂಪ್ಯಾನಿಯನ್ ಚಾಕು 2.5 ಮಿ.ಮೀ. ದಪ್ಪದ್ದು, ಅದೇ ಕಂಪನಿಯ ಗಾರ್ಬರ್ಗ್ 3.2 ಮಿ.ಮೀ., ಫಾಲ್ಕ್‌ನಿವೆನ್ ಎಫ್1 ಸುಮಾರು 4.5 ಮಿ.ಮೀ. ನೀವು ನೋಡಿಟ್ಟಿರುವಂಥ 6 ಮಿ.ಮೀ. ಚಾಕುಗಳು ಮುಖ್ಯವಾಗಿ ಸೀಳುವುದಕ್ಕೆ, ಒರಟು ಕೆಲಸಕ್ಕೆ ಮಾಡಿದವು. ಸೌದೆ ಕಡಿಯುವುದೇ ನಿಮ್ಮ ಕೆಲಸವಾದರೆ ತೆಳು ಚಾಕುವಿನ ಜೊತೆ ಒಂದು ಮಡಚುವ ಗರಗಸ ಇಟ್ಟುಕೊಳ್ಳಿ. ಎರಡೂ ಸೇರಿ ತೂಕದಲ್ಲಿ ಆ ದಪ್ಪ ಚಾಕುವಿನ ಆಸುಪಾಸಿಗೇ ಬರುತ್ತವೆ, ಕೆಲಸ ಮಾತ್ರ ಎಷ್ಟೋ ಹೆಚ್ಚು ಆಗುತ್ತದೆ.

ಬೆನ್ನಿನ ದಪ್ಪಕ್ಕಿಂತಲೂ ಮುಖ್ಯವಾದ, ಆದರೆ ಪೆಟ್ಟಿಗೆಯ ಮೇಲೆ ಯಾರೂ ಅಚ್ಚು ಹಾಕದ ಅಳತೆ ಒಂದಿದೆ: ಬಾಯಿಯ ತುಸು ಮೇಲಿನ ದಪ್ಪ. ಬೆನ್ನಿನಿಂದಲೇ ಸಮವಾಗಿ ಇಳಿದು ಬಂದ ಅಲಗಿನಲ್ಲಿ, ಹರಿತದ ಕಿರು ಇಳಿಜಾರು ಶುರುವಾಗುವ ಕಡೆ ವರ್ನಿಯರ್ ಕ್ಯಾಲಿಪರ್ ಇಟ್ಟು ನೋಡಿ. 0.4ರಿಂದ 0.6 ಮಿ.ಮೀ. ಇದ್ದರೆ ಚೆನ್ನಾಗಿ ಕೊಯ್ಯುತ್ತದೆ. 1 ಮಿ.ಮೀ. ದಾಟಿದ್ದರೆ ಎಷ್ಟು ಮಸೆದರೂ ಮೊಂಡು ಮೊಂಡಾಗಿಯೇ ಅನ್ನಿಸುತ್ತದೆ.

ಪ್ರಶ್ನೆ: ಸ್ಕ್ಯಾಂಡಿ, ಫ್ಲ್ಯಾಟ್, ಕಾನ್ವೆಕ್ಸ್ ಎಂದು ಗ್ರೈಂಡ್‌ಗಳ (ಅಲಗನ್ನು ಬಾಯಿಯ ಕಡೆಗೆ ಇಳಿಸುವ ಆಕಾರಗಳ) ಹೆಸರು ಓದಿ ಗೊಂದಲವಾಗಿದೆ. ಬುಷ್‌ಕ್ರಾಫ್ಟ್ ಎಂದರೆ ಸ್ಕ್ಯಾಂಡಿಯೇ ಆಗಬೇಕೇ?

ಉತ್ತರ: ಆಗಲೇಬೇಕೆಂದಿಲ್ಲ. ಆದರೆ ಮರ ಕೆತ್ತುವುದನ್ನು ಕಲಿಯುವವರಿಗೆ ಸ್ಕ್ಯಾಂಡಿಯಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ. ಅದರಲ್ಲಿ ಅಲಗಿನ ಮೇಲರ್ಧ ಸಮತಟ್ಟಾಗಿರುತ್ತದೆ, ಕೆಳಭಾಗದಲ್ಲಿ ಒಂದೇ ಅಗಲವಾದ ಇಳಿಜಾರು ಬಾಯಿಯವರೆಗೂ ಹೋಗುತ್ತದೆ. ಈ ಇಳಿಜಾರಿಗೆ ಬೆವೆಲ್ ಎನ್ನುತ್ತಾರೆ. ಬೆವೆಲನ್ನು ಮರಕ್ಕೆ ಅಂಟಿಸಿ ಹಿಡಿದು ಚಾಕುವನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಒಂದು ಹಂತದಲ್ಲಿ ಬಾಯಿ ತಾನೇ ಮರವನ್ನು ಕಚ್ಚುತ್ತದೆ. ಅಲ್ಲಿಂದ ಬೆವೆಲ್ಲೇ ದಾರಿ ತೋರಿಸುತ್ತದೆ, ಸುರುಳಿ ಎಷ್ಟು ತೆಳುವಾಗಿ ಬರಬೇಕೆಂಬುದು ಮಣಿಕಟ್ಟಿನ ಸಣ್ಣ ತಿರುವಿಗೆ ಬಿಟ್ಟದ್ದು.

ಸ್ಕ್ಯಾಂಡಿಯ ಎರಡೂ ಬದಿ ಸೇರಿದ ಕೋನ ಸಾಮಾನ್ಯವಾಗಿ 20ರಿಂದ 25 ಡಿಗ್ರಿ. ಇದನ್ನು ಅಂಗಡಿಯಲ್ಲೇ ಲೆಕ್ಕ ಹಾಕಬಹುದು. ಬೆವೆಲ್‌ನ ಅಗಲವು ಬೆನ್ನಿನ ದಪ್ಪದ ಎರಡೂವರೆ ಪಟ್ಟು ಇದ್ದರೆ ಕೋನ ಸುಮಾರು 23 ಡಿಗ್ರಿ ಎಂದರ್ಥ. 3.2 ಮಿ.ಮೀ. ದಪ್ಪದ ಅಲಗಿಗೆ 8 ಮಿ.ಮೀ. ಬೆವೆಲ್ ಬೇಕು. ಅದೇ 8 ಮಿ.ಮೀ. ಬೆವೆಲನ್ನು 4.8 ಮಿ.ಮೀ. ದಪ್ಪದ ಅಲಗಿಗೆ ಕೊಟ್ಟರೆ ಕೋನ 33 ಡಿಗ್ರಿ ದಾಟುತ್ತದೆ. ಹೆಸರಿಗೆ ಸ್ಕ್ಯಾಂಡಿ, ಮರದಲ್ಲಿ ಮಾತ್ರ ಬೆಣೆ. ದಪ್ಪ ಅಲಗಿಗೆ ಕಿರಿದಾದ ಬೆವೆಲ್ ಇರುವ ‘ಬುಷ್‌ಕ್ರಾಫ್ಟ್ ಚಾಕು’ಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಸ್ಕೇಲು ಹಿಡಿದೇ ಕೊಳ್ಳಿ.

ಸ್ಕ್ಯಾಂಡಿಗೆ ಕೊರತೆಗಳೂ ಇವೆ. ಬಾಯಿ ಬಹಳ ತೆಳುವಾದ್ದರಿಂದ ಗಂಟು, ಮೂಳೆ ತಗುಲಿದರೆ ಮಡಚಿಕೊಳ್ಳುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಬೆವೆಲ್ ಮುಗಿದು ಪೂರ್ತಿ ದಪ್ಪ ಶುರುವಾಗುವ ಏಣಿನಲ್ಲಿ ತರಕಾರಿ ಸಿಕ್ಕಿಕೊಂಡು ಸೀಳುತ್ತದೆ. ಮೊದಲನೆಯದಕ್ಕೆ ಮದ್ದು ಸುಲಭ: ಬಾಯಿಯ ತುದಿಗೆ ಮಾತ್ರ ತುಸು ಹೆಚ್ಚು ಕೋನದಲ್ಲಿ, ಪ್ರತಿ ಬದಿಗೆ 15 ಡಿಗ್ರಿಯ ಹತ್ತಿರ, ಸಣ್ಣ ಕಲ್ಲಿನ ಮೇಲೆ ಐದಾರು ಹಗುರ ಎಳೆತ. ಇದೇ ಮೈಕ್ರೋ ಬೆವೆಲ್. ಬರಿಗಣ್ಣಿಗೆ ಕೂದಲೆಳೆಯಷ್ಟು ಕಾಣುವ ಆ ಗೆರೆ ಬಾಯಿಯ ಬಾಳಿಕೆಯನ್ನು ಚೆನ್ನಾಗಿಯೇ ಹೆಚ್ಚಿಸುತ್ತದೆ, ಕೆತ್ತನೆಗೆ ಅಡ್ಡಿಯಾಗುವುದಿಲ್ಲ.

ಅಡುಗೆಯೂ ಅದೇ ಚಾಕುವಿನಲ್ಲಿ ಆಗಬೇಕೆಂದರೆ ಬೆನ್ನಿನಿಂದ ಬಾಯಿವರೆಗೆ ಸಮವಾಗಿ ಇಳಿಯುವ ಫುಲ್ ಫ್ಲ್ಯಾಟ್ ಗ್ರೈಂಡ್ ತೆಗೆದುಕೊಳ್ಳಿ. ಕಟ್ಟಿಗೆ ಸೀಳುವುದು ಹೆಚ್ಚಿದ್ದರೆ ಹೊರಗೆ ಉಬ್ಬಿದ ಕಾನ್ವೆಕ್ಸ್ ಒಳ್ಳೆಯದು. ಬಾಯಿಯ ಹಿಂದೆ ಲೋಹ ಜಾಸ್ತಿ ಇರುವುದರಿಂದ ಪೆಟ್ಟು ತಾಳುತ್ತದೆ, ಮರದಲ್ಲಿ ಕಚ್ಚಿಕೊಳ್ಳುವುದೂ ಕಡಿಮೆ. ಒಳಗೆ ತಗ್ಗಿದ ಹಾಲೋ ಗ್ರೈಂಡ್ ಮತ್ತು ಒಂದೇ ಬದಿಗೆ ಇಳಿಜಾರಿರುವ ಚಿಸೆಲ್ ಗ್ರೈಂಡ್ ಈ ಕೆಲಸಕ್ಕಲ್ಲ. ಗರಗಸದ ಹಲ್ಲಿನಂಥ ಬಾಯಿಯೂ ಬೇಡ. ಅದು ಕೂರುವುದು ಹಿಡಿಯ ಪಕ್ಕದಲ್ಲಿ, ಕೆತ್ತುವಾಗ ಹೆಚ್ಚು ಬಲ ಸಿಗುವ ಜಾಗವೂ ಅದೇ.

ಪ್ರಶ್ನೆ: ಫುಲ್ ಟ್ಯಾಂಗ್ ಇಲ್ಲದ ಚಾಕುವನ್ನು ಮುಟ್ಟಲೂ ಬೇಡಿ ಎಂದು ಓದಿದ್ದೇನೆ. ಸರಿಯೇ?

ಉತ್ತರ: ಅತಿಯಾದ ಮಾತು. ಅಲಗಿನ ಉಕ್ಕು ಹಿಡಿಯೊಳಗೆ ಮುಂದುವರಿಯುವ ಭಾಗವೇ ಟ್ಯಾಂಗ್. ಹಿಡಿಯ ಪೂರ್ತಿ ಆಕಾರಕ್ಕೆ ಅದು ಹಬ್ಬಿದ್ದರೆ ಫುಲ್ ಟ್ಯಾಂಗ್. ಕಡ್ಡಿಯಂತೆ ತೆಳುವಾಗಿ ಒಳಗೆ ಅಡಗಿದ್ದರೆ ಸ್ಟಿಕ್ ಟ್ಯಾಂಗ್. ಫಿನ್ಲೆಂಡಿನ ಪುಕ್ಕೋ ಚಾಕುಗಳು ತಲೆಮಾರುಗಳಿಂದ ಸ್ಟಿಕ್ ಟ್ಯಾಂಗ್‌ನಲ್ಲೇ ಬಂದಿವೆ, ಕಾಡಿನ ದಿನಗೆಲಸವೆಲ್ಲ ಅವುಗಳಿಂದಲೇ ಆಗಿದೆ.

ಮುರಿಯುವ ಚಾಕುಗಳು ಬಹುಮಟ್ಟಿಗೆ ಮುರಿಯುವುದು ಅಲಗು ಟ್ಯಾಂಗಿಗೆ ಕೂಡುವ ಮೂಲೆಯಲ್ಲಿ. ಅಲ್ಲಿ ಲೋಹವನ್ನು ನೇರ 90 ಡಿಗ್ರಿ ಮೂಲೆಯಾಗಿ ಕತ್ತರಿಸಿದ್ದರೆ ಒತ್ತಡವೆಲ್ಲ ಆ ಬಿಂದುವಿನಲ್ಲಿ ಸೇರಿ ಬಿರುಕು ಹುಟ್ಟುತ್ತದೆ. ಅದೇ ಮೂಲೆಯನ್ನು ದುಂಡಗೆ ತಿರುಗಿಸಿದ್ದರೆ ತೆಳು ಟ್ಯಾಂಗೂ ಬಹುಕಾಲ ತಾಳುತ್ತದೆ. ತಯಾರಕರು ಹಿಡಿಯಿಲ್ಲದ ಅಲಗಿನ ಚಿತ್ರ ಕೊಟ್ಟಿದ್ದರೆ ಮೊದಲು ಈ ಮೂಲೆ ನೋಡಿ. ಚಿತ್ರ ಇಲ್ಲದಿದ್ದರೆ ಪ್ಲಾಸ್ಟಿಕ್ ಅಥವಾ ರಬ್ಬರ್ ಹಿಡಿಯ ಮೇಲೆ ಒಂದು ಚಿಕ್ಕ ನಿಯೋಡಿಮಿಯಂ ಅಯಸ್ಕಾಂತ ಜಾರಿಸಿ. ಸೆಳೆತ ಎಲ್ಲಿ ನಿಲ್ಲುತ್ತದೋ ಟ್ಯಾಂಗ್ ಅಲ್ಲಿಗೆ ಮುಗಿದಿದೆ. ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕೂ ಅಯಸ್ಕಾಂತಕ್ಕೆ ಅಂಟುತ್ತದೆ, ಹಾಗಾಗಿ ಈ ಪರೀಕ್ಷೆ ಎರಡಕ್ಕೂ ನಡೆಯುತ್ತದೆ. ಹಿಡಿಯ ಉದ್ದದ ಮುಕ್ಕಾಲು ಪಾಲಾದರೂ ಇರಲಿ. ಒಳಗೆ ಪೊಳ್ಳಾಗಿ, ಗಾಳ, ಬೆಂಕಿಕಡ್ಡಿ ತುಂಬಿಡಲು ಜಾಗ ಬಿಟ್ಟಿರುವ ಹಿಡಿಯ ಚಾಕುಗಳಲ್ಲಿ ಟ್ಯಾಂಗ್ ಬಹುಪಾಲು ಒಂದು ಗಿಡ್ಡ ತುಂಡಿನಷ್ಟೇ ಇರುತ್ತದೆ. ಅವು ಬೇಡ.

ಫುಲ್ ಟ್ಯಾಂಗಿನಿಂದ ತೂಕ ಹಿಡಿಯ ಕಡೆಗೆ ವಾಲುತ್ತದೆ. ಕೊರೆಯುವ ಚಳಿಯಲ್ಲಿ ಹಿಡಿಯ ಸುತ್ತ ತೆರೆದಿರುವ ಉಕ್ಕು ಬರಿಗೈಯ ಬಿಸಿಯನ್ನು ಎಳೆಯುತ್ತದೆ. ಆದರೂ ಒಂದೇ ಚಾಕು ಹಿಡಿದು ದೂರ ಹೋಗುವವರು, ಸೀಳುವ ಕೆಲಸ ಬಹಳ ಇರುವವರು ಫುಲ್ ಟ್ಯಾಂಗ್ ಆರಿಸುವುದೇ ಸರಿ. ಹಿಡಿ ಒಡೆದರೂ ಉಕ್ಕಿಗೆ ಹಗ್ಗ ಸುತ್ತಿ ಕೆಲಸ ಮುಗಿಸಬಹುದು.

ಪ್ರಶ್ನೆ: ಕಾರ್ಬನ್ ಉಕ್ಕೋ ಸ್ಟೇನ್‌ಲೆಸ್ಸೋ? ಕಾರ್ಬನ್ ಉಕ್ಕಿನಿಂದ ಮಾತ್ರ ಫೆರೋ ರಾಡ್‌ನಲ್ಲಿ ಕಿಡಿ ಬರುತ್ತದಂತೆ, ಹೌದೇ?

ಉತ್ತರ: ಕಿಡಿಯ ವಿಷಯ ತಪ್ಪು. ಫೆರೋ ರಾಡ್ ಎಂದರೆ ಹೆರೆದರೆ ಕಿಡಿ ಹಾರಿಸುವ ಲೋಹದ ಕಡ್ಡಿ. ಅದರಲ್ಲಿ ಉರಿಯುವುದು ರಾಡಿನ ಲೋಹವೇ. ಅದನ್ನು ಹೆರೆಯಲು ಗಟ್ಟಿಯಾದ ಚೂಪು ಏಣು ಸಾಕು, ಒಡೆದ ಗಾಜಿನ ಅಂಚೂ ಆಗುತ್ತದೆ. ಆದ್ದರಿಂದ ನೋಡಬೇಕಾದ್ದು ಅಲಗಿನ ಬೆನ್ನು 90 ಡಿಗ್ರಿ ಏಣಾಗಿದೆಯೇ ಎಂದು. ಉಗುರನ್ನು ಬೆನ್ನಿನ ಏಣಿಗೆ ಅಡ್ಡ ಇಟ್ಟು ಮೆಲ್ಲಗೆ ಎಳೆಯಿರಿ. ಉಗುರಿನ ಪುಡಿ ಏಳುವಂತಿದ್ದರೆ ಸರಿ. ದುಂಡಗಿದ್ದರೆ ಚಪ್ಪಟೆ ಅರದಿಂದ ನೀವೇ ತಿದ್ದಬಹುದು, ಹೆಬ್ಬೆರಳು ಒತ್ತುವ ಮೂರು ಸೆಂ.ಮೀ. ಮಾತ್ರ ದುಂಡಗೇ ಬಿಡಿ. ಕಪ್ಪು ಬಣ್ಣದ ಲೇಪವಿದ್ದರೆ ಆ ಏಣಿನಿಂದ ಮೊದಲು ಅದನ್ನು ಕೆರೆದು ತೆಗೆಯಬೇಕು. ಬೆಣಚುಕಲ್ಲಿನಿಂದ ಕಿಡಿ ಹೊಡೆಯುವ ಹಳೆಯ ಕ್ರಮವೇ ಬೇರೆ. ಅಲ್ಲಿ ಉರಿಯುವುದು ಉಕ್ಕಿನ ಚೂರು, ಅದಕ್ಕೆ ಗಟ್ಟಿಯಾಗಿ ಹದ ಕೊಟ್ಟ ಕಾರ್ಬನ್ ಉಕ್ಕೇ ಬೇಕು.

ಇನ್ನು ಆಯ್ಕೆ. ಉಕ್ಕು ಸ್ಟೇನ್‌ಲೆಸ್ ಅನ್ನಿಸಿಕೊಳ್ಳಬೇಕಾದರೆ ಲೋಹದಲ್ಲಿ ಕರಗಿ ಉಳಿದ ಕ್ರೋಮಿಯಂ ಸಾಕಷ್ಟಿರಬೇಕು. 1095 ಎಂಬ ಕಾರ್ಬನ್ ಉಕ್ಕಿನಲ್ಲಿ ಶೇ 0.95ರಷ್ಟು ಇಂಗಾಲವಿದೆ, ಕ್ರೋಮಿಯಂ ಇಲ್ಲವೆಂದೇ ಹೇಳಬಹುದು. ಒದ್ದೆ ಒರೆಯಲ್ಲಿ ಒಂದು ರಾತ್ರಿ ಬಿಟ್ಟರೆ ತುಕ್ಕಿನ ಚುಕ್ಕೆ ಖಚಿತ. 14ಸಿ28ಎನ್ ಎಂಬ ಸ್ಯಾಂಡ್ವಿಕ್ (ಈಗ ಅಲೈಮಾ) ಕಂಪನಿಯ ಉಕ್ಕಿನಲ್ಲಿ ಇಂಗಾಲ ಶೇ 0.62, ಕ್ರೋಮಿಯಂ ಶೇ 14. ತುಕ್ಕು ತಡೆಯುತ್ತದೆ, ಸುಲಭವಾಗಿ ಮಸೆಯಬಹುದು, ಬಾಯಿ ಬೇಗ ಚಕ್ಕೆಯೇಳುವುದಿಲ್ಲ. ಮೊದಲ ಚಾಕುವಿಗೆ ನಾವು ಹೇಳುವ ಉಕ್ಕು ಇದು, ಅಥವಾ ಇದರ ಸೋದರ 12ಸಿ27. ಕಡಲ ಬದಿ, ಮಳೆಕಾಡು, ಮೀನು ಹಿಡಿಯುವ ಕೆಲಸವಿದ್ದರೆ ಎರಡನೇ ಯೋಚನೆಯೇ ಬೇಡ.

ಡಿ2 ಎಂಬ ಉಕ್ಕಿನ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಶೇ 12ರಷ್ಟು ಕ್ರೋಮಿಯಂ ಇದ್ದರೂ ಶೇ 1.5ರಷ್ಟು ಇಂಗಾಲವಿರುವುದರಿಂದ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗಿಬಿಡುತ್ತದೆ. ಆದ್ದರಿಂದ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಆ ಕಾರ್ಬೈಡ್ ಹರಳುಗಳು ಬಹಳ ಗಡಸಾದ್ದರಿಂದ ಹರಿತ ಬಹಳ ಹೊತ್ತು ನಿಲ್ಲುತ್ತದೆ, ಆದರೆ ದೊಡ್ಡವೂ ಆದ್ದರಿಂದ ಪೆಟ್ಟು ಬಿದ್ದರೆ ಚಕ್ಕೆ ಹಾರುತ್ತದೆ, ಕಾಡಿನಲ್ಲಿ ಕೂತು ಮಸೆಯುವುದು ತ್ರಾಸ. ಸೀಳುವ ಕೆಲಸಕ್ಕೆ 80ಸಿಆರ್‌ವಿ2, ಸಿಪಿಎಂ 3ವಿ ಎಂಬ ಉಕ್ಕುಗಳು ಇದಕ್ಕಿಂತ ಎಷ್ಟೋ ಮೇಲು. 2021ರಲ್ಲಿ ಬಂದ ಮ್ಯಾಗ್ನಾಕಟ್ ಎಂಬ ಉಕ್ಕಿನಲ್ಲಿ ಗಟ್ಟಿತನ, ತುಕ್ಕು ನಿರೋಧ ಎರಡೂ ಸೇರಿವೆ. ಬೆಲೆಯೂ ಹಾಗೇ ಇರುತ್ತದೆ, ಕಲಿಯುವ ಹೊತ್ತಿಗೆ ಬೇಕಿಲ್ಲ.

ಉಕ್ಕಿನ ಹೆಸರಿಗಿಂತ ಅದಕ್ಕೆ ಕಾಸಿ ತಣಿಸಿ ಕೊಟ್ಟ ಹದ ದೊಡ್ಡದು. ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ 57ರಿಂದ 60 ಇರಲಿ. 55ಕ್ಕಿಂತ ಕೆಳಗಾದರೆ ಬಾಯಿ ಬೇಗ ಮಡಚಿಕೊಳ್ಳುತ್ತದೆ, 61 ದಾಟಿದರೆ ಬಹಳ ಉಕ್ಕುಗಳು ಪೆಟ್ಟು ತಾಳುವುದಿಲ್ಲ. ಉಕ್ಕಿನ ಹೆಸರನ್ನೂ ಗಡಸುತನದ ಅಂಕಿಯನ್ನೂ ಹೇಳದ ತಯಾರಕರಿಂದ, ಅದರಲ್ಲೂ ಚಿತ್ತಾರದ ‘ಡಮಾಸ್ಕಸ್’ ಎಂದು ಮಾತ್ರ ಬರೆದ ಚಾಕುಗಳಿಂದ ದೂರವಿರಿ.

ಪ್ರಶ್ನೆ: ಅಲಗಿನ ಬೆನ್ನಿಗೆ ಹೊಡೆದು ಕಟ್ಟಿಗೆ ಸೀಳುವಾಗ ಹೊಸ ಚಾಕುವಿನ ಬಾಯಿಯಲ್ಲಿ ಅರ್ಧ ಮಿ.ಮೀ. ಚಕ್ಕೆ ಹಾರಿತು. ಉಕ್ಕು ಕೆಟ್ಟದ್ದೇ?

ಉತ್ತರ: ಉಕ್ಕನ್ನು ದೂರುವ ಮೊದಲು ನಾಲ್ಕು ಕಡೆ ನೋಡಿ. ಕಟ್ಟಿಗೆಯಲ್ಲಿ ಗಂಟಿತ್ತೇ? ಗಂಟಿನ ನಾರು ಸುತ್ತಲಿನ ಮರಕ್ಕಿಂತ ಬಹಳ ಗಡಸು, ಅಡ್ಡಡ್ಡ ಹೋಗಿರುತ್ತದೆ. ಸೀಳು ಪೂರ್ತಿಯಾದಾಗ ಬಾಯಿ ನೆಲದ ಕಲ್ಲಿಗೆ ತಾಗಿತೇ? ಹೊಡೆದದ್ದು ಲೋಹದಿಂದಲೋ ಕಲ್ಲಿನಿಂದಲೋ? ಸಿಕ್ಕಿಕೊಂಡ ಚಾಕುವನ್ನು ಬಿಡಿಸಲು ಹಿಡಿಯನ್ನು ತಿರುಚಿದಿರೇ? ತೆಳು ಬಾಯಿ ಮುರಿಯುವುದು ನೇರ ಪೆಟ್ಟಿಗಿಂತ ಪಕ್ಕದ ಒತ್ತಡಕ್ಕೆ.

ಇವು ಯಾವುವೂ ಅಲ್ಲವೆಂದಾದರೆ ಕಾರ್ಖಾನೆಯ ಮಸೆತದ ಮೇಲೆ ಅನುಮಾನ. ವೇಗದ ಬೆಲ್ಟಿನಲ್ಲಿ ಕೊನೆಯ ಹರಿತ ಕೊಡುವಾಗ ಬಾಯಿಯ ತುದಿ ಕಾದು ಹದ ಕೆಟ್ಟಿರುವುದುಂಟು. ಕೈಯಲ್ಲಿ ಎರಡು ಮೂರು ಸಲ ಮಸೆದು ಆ ತುದಿ ಸವೆದ ಮೇಲೆ ಅದೇ ಚಾಕು ಚೆನ್ನಾಗಿ ನಿಲ್ಲುತ್ತದೆ. ಅಷ್ಟಾದರೂ ಚಕ್ಕೆ ಏಳುತ್ತಿದ್ದರೆ ಮೈಕ್ರೋ ಬೆವೆಲ್ ಕೊಡಿ. ಅದಕ್ಕೂ ಬಗ್ಗದಿದ್ದರೆ ಆಗ ಹಿಂದಿರುಗಿಸಿ.

ಸೀಳುವ ಕ್ರಮ ಹೀಗೆ. ನೇರ ನಾರಿನ, ಗಂಟಿಲ್ಲದ, 25–30 ಸೆಂ.ಮೀ. ಉದ್ದದ ತುಂಡು ಆರಿಸಿ. ಅದರ ಅಡ್ಡಳತೆ ಅಲಗಿನ ಉದ್ದಕ್ಕಿಂತ 4 ಸೆಂ.ಮೀ.ಯಾದರೂ ಕಡಿಮೆ ಇರಬೇಕು. 11 ಸೆಂ.ಮೀ. ಅಲಗಿಗೆ 7 ಸೆಂ.ಮೀ. ಕಟ್ಟಿಗೆಯೇ ಕೊನೆ. ಅಡಿಗೆ ಇನ್ನೊಂದು ದಪ್ಪ ಮರದ ದಿಮ್ಮಿ ಇಡಿ. ಹೊಡೆಯಲು ಮಣಿಕಟ್ಟಿನಷ್ಟು ದಪ್ಪದ, ಮೊಳಕ್ಕಿಂತ ತುಸು ಗಿಡ್ಡವಾದ ಹಸಿ ಕೊಂಬೆ ಸಾಕು. ಅಲಗನ್ನು ತುಂಡಿನ ನಡುವಿಗಿಟ್ಟು, ಹಿಡಿ ನೆಲಕ್ಕೆ ಸಮಾನಾಂತರವಾಗಿರುವಂತೆ ಹಿಡಿದು, ಬೆನ್ನಿನ ಮಧ್ಯಕ್ಕೆ ಹೊಡೆಯಿರಿ. ಬೆನ್ನು ಮರದೊಳಗೆ ಮುಳುಗಿದ ಮೇಲೆ ಹೊರಗೆ ಉಳಿದ ಮೊನೆಯ ಕಡೆಗೆ ಹೊಡೆಯಬೇಕು. ಆಗ ಹಿಡಿ ಮೇಲೇಳಲು ನೋಡುತ್ತದೆ, ಪ್ರತಿ ಪೆಟ್ಟಿಗೂ ಅದನ್ನು ಕೆಳಕ್ಕೆ ಒತ್ತಿ ಹಿಡಿಯಿರಿ. ಮೊನೆ ತೀರ ಕೆಳಗೆ ವಾಲಿದರೆ ಬಲವೆಲ್ಲ ಹಿಡಿಯ ಬುಡಕ್ಕೆ ಹೋಗುತ್ತದೆ. ಮಧ್ಯಕ್ಕೆ ಸೀಳದಿದ್ದರೆ ಅಂಚಿನಿಂದ ಒಂದೊಂದೇ ಸಿಬಿರು ತೆಗೆಯುತ್ತ ಬನ್ನಿ. ಚಾಕು ಸಿಕ್ಕಿಕೊಂಡರೆ ಮರದ ಬೆಣೆಯೊಂದನ್ನು ಸೀಳಿಗೆ ಹೊಡೆದು ಬಿಡಿಸಿ.

ಪ್ರಶ್ನೆ: ಗಂಟೆಗಟ್ಟಲೆ ಕಲ್ಲಿಗೆ ಉಜ್ಜಿದರೂ ಚಾಕು ಹರಿತವಾಗುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಬಹುಶಃ ನೀವು ಬಾಯಿಯನ್ನು ಮುಟ್ಟುತ್ತಲೇ ಇಲ್ಲ. ಇದನ್ನು ಕಣ್ಣಾರೆ ನೋಡಲು ಬೆವೆಲ್ಲಿನ ಮೇಲೆ ಬಾಯಿಯ ತುದಿವರೆಗೂ ಮಾರ್ಕರ್ ಪೆನ್ನಿನ ಮಸಿ ಬಳಿದು ಕಲ್ಲಿನ ಮೇಲೆ ಎರಡು ಸಲ ಎಳೆಯಿರಿ. ಮಸಿ ಮೇಲುಭಾಗದಲ್ಲಿ ಅಳಿಸಿ ತುದಿಯಲ್ಲಿ ಉಳಿದಿದ್ದರೆ ಕೋನ ಕಡಿಮೆಯಾಗಿದೆ. ತುದಿಯಲ್ಲಷ್ಟೇ ಅಳಿಸಿದ್ದರೆ ಹೆಚ್ಚಾಗಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಸಮ ಅಳಿಸುವ ತನಕ ಕೈ ತಿದ್ದಿಕೊಳ್ಳಿ.

ಸ್ಕ್ಯಾಂಡಿಗಾದರೆ ಬೆವೆಲನ್ನು ಕಲ್ಲಿಗೆ ಪೂರ್ತಿ ಕೂರಿಸಿದರಾಯಿತು, ಎರಡು ಬೆರಳಿನ ಒತ್ತಡ ಬೆವೆಲ್ಲಿನ ಮೇಲೇ ಬೀಳಬೇಕು. ಕಿರು ಬೆವೆಲ್ ಇರುವ ಚಾಕುವಿಗೆ ಪ್ರತಿ ಬದಿಗೆ 20 ಡಿಗ್ರಿ ಹೊರಗಿನ ಕೆಲಸಕ್ಕೆ ಒಳ್ಳೆಯ ಕೋನ. ಕೋನಮಾಪಕ ಬೇಕಿಲ್ಲ. ಬಾಯಿಯಿಂದ ಬೆನ್ನಿನವರೆಗಿನ ಅಗಲವನ್ನು 0.34ರಿಂದ ಗುಣಿಸಿ. 25 ಮಿ.ಮೀ. ಅಗಲದ ಅಲಗಾದರೆ ಬೆನ್ನಿನ ನಡುಗೆರೆ ಕಲ್ಲಿನಿಂದ ಎಂಟೂವರೆ ಮಿ.ಮೀ. ಮೇಲಿರಬೇಕು. ಮೊದಮೊದಲು ಅಷ್ಟೇ ಎತ್ತರಕ್ಕೆ ನಾಣ್ಯಗಳನ್ನು ಒಟ್ಟಿ ಪಕ್ಕದಲ್ಲಿಟ್ಟು ನೋಡಿಕೊಳ್ಳಿ.

ತೀರ ಮೊಂಡಾಗಿದ್ದರೆ 400 ಗ್ರಿಟ್, ಮಾಮೂಲಿಗೆ 1000 ಗ್ರಿಟ್ ಕಲ್ಲಿನಿಂದ ಶುರು ಮಾಡಿ (ಗ್ರಿಟ್ ಅಂಕಿ ಹೆಚ್ಚಿದಷ್ಟೂ ಕಲ್ಲು ನಯ). ಒಂದು ಬದಿಯನ್ನೇ ಮಸೆಯುತ್ತ ಹೋಗಿ, ಎದುರು ಬದಿಯಲ್ಲಿ ತೆಳುವಾದ ಲೋಹದ ಎಳೆ ಮಡಚಿ ಏಳುವವರೆಗೆ. ಇದನ್ನೇ ಬರ್ ಎನ್ನುವುದು. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಹೊರಕ್ಕೆ ಜಾರಿಸಿದರೆ ತಡೆದಂತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಹಿಡಿಯಿಂದ ಮೊನೆಯವರೆಗೂ ಬರ್ ಎದ್ದಿರಬೇಕು. ಮೊನೆಯ ಹತ್ತಿರದ ಬಾಗುವಿನಲ್ಲಿ ಹಿಡಿಯನ್ನು ತುಸು ಎತ್ತದಿದ್ದರೆ ಅಲ್ಲಿ ಏಳುವುದೇ ಇಲ್ಲ, ಬಹಳ ಜನರ ಚಾಕು ಮೊನೆಯಲ್ಲಿ ಮೊಂಡಾಗಿ ಉಳಿಯುವುದು ಇದರಿಂದ. ಆಮೇಲೆ ಬದಿ ಬದಲಿಸಿ ಅಷ್ಟೇ ಮಾಡಿ. ನಂತರ ಒತ್ತಡ ಇಳಿಸುತ್ತ ಬದಿಗೊಂದರಂತೆ ಎಳೆದು ಬರ್ ಸಣ್ಣದು ಮಾಡಿ, 3000 ಗ್ರಿಟ್ ಕಲ್ಲಿಗೆ ಹೋಗಿ. ಕೊನೆಗೆ ಪಾಲಿಶ್ ಸವರಿದ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಪ್ರತಿ ಬದಿ ಹದಿನೈದಿಪ್ಪತ್ತು ಎಳೆತ. ಎಳೆತದ ಕೊನೆಯಲ್ಲಿ ಚಾಕು ಮೇಲಕ್ಕೆ ತಿರುಗಿದರೆ ಬಾಯಿ ದುಂಡಗಾಗುತ್ತದೆ, ಹಾಗಾಗಿ ಮೊದಲು ನಿಲ್ಲಿಸಿ, ಆಮೇಲೆ ಎತ್ತಿ.

ಮುಗಿಯಿತೇ ಎಂದು ತಿಳಿಯಲು ದೀಪದ ಕೆಳಗೆ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ನೋಡಿ. ಹರಿತವಾದ ಬಾಯಿ ಬೆಳಕನ್ನು ತಿರುಗಿಸುವುದಿಲ್ಲ, ಕಾಣುವುದೇ ಇಲ್ಲ. ಎಲ್ಲಾದರೂ ಬಿಳಿ ಗೆರೆ ಮಿನುಗಿದರೆ ಅಷ್ಟು ಜಾಗ ಇನ್ನೂ ಮೊಂಡು.

ಮೋಟಾರಿನಿಂದ ತಿರುಗುವ ಸಾಣೆಚಕ್ರಕ್ಕೆ (ಬೆಂಚ್ ಗ್ರೈಂಡರ್) ಮಾತ್ರ ಕೊಡಬೇಡಿ. ಸಾದಾ ಕಾರ್ಬನ್ ಉಕ್ಕಿನ ಚಾಕುವನ್ನು ಕಾಸಿ ತಣಿಸಿದ ಮೇಲೆ ಕೊನೆಯ ಹದ ಕೊಡುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬಾಯಿಯಲ್ಲಿ ನೀಲಿ ಬಣ್ಣ ಕಂಡಿತೆಂದರೆ ಶಾಖ 300ರ ಹತ್ತಿರ ಹೋಗಿದೆ, ಆ ಭಾಗ ಮೆತ್ತಗಾಗಿದೆ. ಅಷ್ಟೂ ಲೋಹ ಸವೆಸಿ ತೆಗೆಯದೆ ಮತ್ತೆ ಹರಿತ ನಿಲ್ಲದು.

ಪ್ರಶ್ನೆ: ಹಿಡಿ ಮತ್ತು ಒರೆ ಆರಿಸುವಾಗ ಏನು ನೋಡಬೇಕು? ನಾನು ಎಡಗೈಯವಳು.

ಉತ್ತರ: ಹಿಡಿಯ ಉದ್ದ 11–12 ಸೆಂ.ಮೀ. ಇರಲಿ, ನಾಲ್ಕು ಬೆರಳೂ ಕೂತು ತುಸು ಜಾಗ ಉಳಿಯಬೇಕು. ಅಡ್ಡಕೊಯ್ತ ಮೊಟ್ಟೆಯಾಕಾರವಿದ್ದರೆ ನೋಡದೆಯೂ ಬಾಯಿ ಯಾವ ಕಡೆಗಿದೆ ಎಂದು ಕೈಗೆ ತಿಳಿಯುತ್ತದೆ. ಬೆರಳಿಗೊಂದೊಂದು ಗುಳಿ ತೋಡಿದ ಹಿಡಿಗಳು ನೋಡಲು ಚೆಂದ, ಆದರೆ ಅವು ಒಂದೇ ಅಳತೆಯ ಕೈಗೆ, ಒಂದೇ ಹಿಡಿತಕ್ಕೆ ಹೊಂದುವಂಥವು. ಕೆತ್ತುವವರು ಹಿಡಿತ ಬದಲಿಸುತ್ತಲೇ ಇರುತ್ತಾರೆ, ಆಗ ಆ ಏಣುಗಳು ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತವೆ. ಅಂಗಡಿಯಲ್ಲಿ ಹಿಡಿದು ನೋಡುವಾಗ ಬಲವಾಗಿ ಹಿಸುಕಿ ನಿಮಿಷವೊಂದರ ನಂತರ ಅಂಗೈ ನೋಡಿ. ಕೆಂಪು ಗೆರೆ ಮೂಡಿದ ಕಡೆಯೇ ನಾಳೆ ಬೊಬ್ಬೆ ಬರುವುದು. ಹಿಡಿಗೂ ಬಾಯಿ ಶುರುವಾಗುವ ಜಾಗಕ್ಕೂ ನಡುವೆ ಬೆರಳಿಡುವಷ್ಟು ದೊಡ್ಡ ಕಚ್ಚು ಇರುವ ಚಾಕುಗಳನ್ನು ಬಿಡಿ. ಹಿಡಿಯ ಪಕ್ಕದ ಬಾಯಿಯಲ್ಲೇ ಕೆತ್ತಲು ಹೆಚ್ಚು ಬಲ ಸಿಗುವುದು, ಆ ಕಚ್ಚು ಅದನ್ನೇ ದೂರ ಒಯ್ಯುತ್ತದೆ.

ಚಾಕುವಿಗೆ ಎಡಬಲವಿಲ್ಲ, ಒರೆಗಿದೆ. ಬೆಲ್ಟಿನ ಕೊಂಡಿಯನ್ನು ಬದಿ ಬದಲಿಸಲು ಬರುತ್ತದೆಯೇ, ಗುಂಡಿ ಪಟ್ಟಿ ಎಡ ಹೆಬ್ಬೆರಳಿಗೆ ಎಟುಕುತ್ತದೆಯೇ ನೋಡಿ. ಒರೆಗೆ ಹಾಕಿದ ಚಾಕುವನ್ನು ತಲೆಕೆಳಗೆ ಹಿಡಿದು ಜೋರಾಗಿ ಅಲುಗಿಸಿದರೂ ಬೀಳಬಾರದು. ಚರ್ಮದ ಒರೆಯಾದರೆ ಬಾಯಿಯ ಕಡೆಯ ಹೊಲಿಗೆಯ ಒಳಗೆ ಇನ್ನೊಂದು ಚರ್ಮದ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಬಾಯಿ ದಾರವನ್ನೇ ಕೊಯ್ದು ಹೊರಬರುತ್ತದೆ. ಹಾಕುವಾಗ ಬೆನ್ನನ್ನು ಒರೆಗೆ ಒತ್ತಿ ಹಾಕಿ. ಪ್ಲಾಸ್ಟಿಕ್, ಕೈಡೆಕ್ಸ್ (ಅಚ್ಚಿಗೆ ಬಗ್ಗಿಸುವ ಗಟ್ಟಿ ಪ್ಲಾಸ್ಟಿಕ್ ಹಾಳೆ) ಒರೆಗಳ ತಳದಲ್ಲಿ ನೀರಿಳಿಯುವ ತೂತು ಬೇಕು, ಆಗಾಗ ಮರಳನ್ನು ತೊಳೆಯಬೇಕು.

ಪ್ರಶ್ನೆ: ಹಣ್ಣು ಕತ್ತರಿಸಿದ ಮೇಲೆ ಕಾರ್ಬನ್ ಉಕ್ಕಿನ ಅಲಗು ಬೂದು, ನೀಲಿ ಬಣ್ಣಕ್ಕೆ ತಿರುಗಿದೆ. ಉಜ್ಜಿ ತೆಗೆಯಲೇ?

ಉತ್ತರ: ಬಿಡಿ, ಒಳ್ಳೆಯದೇ. ಅದು ಪಟಿನಾ ಎಂಬ ತೆಳು ಪದರ, ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕೆಂಪು ಅಥವಾ ಕಿತ್ತಳೆ ಚುಕ್ಕೆ ಕಂಡರೆ ಮಾತ್ರ ನಯವಾದ ಸ್ಟೀಲ್ ವುಲ್ಲಿಗೆ ಎಣ್ಣೆ ಹಚ್ಚಿ ಉಜ್ಜಿ ತೆಗೆಯಿರಿ. ಒರೆಸಿ ಒಣಗಿಸಿ, ಆಹಾರಕ್ಕೆ ಬಳಸಬಹುದಾದ ಮಿನರಲ್ ಎಣ್ಣೆಯ ತೆಳು ಪದರ ಸವರಿ. ತಿಂಗಳುಗಟ್ಟಲೆ ಎತ್ತಿಡುವಾಗ ಚರ್ಮದ ಒರೆಯಲ್ಲಿ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಹದಮಾಡಲು ಬಳಸಿದ ರಾಸಾಯನಿಕದ ಉಳಿಕೆಯೂ ಉಕ್ಕನ್ನು ತಿನ್ನುತ್ತದೆ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಕೆತ್ತನೆ ಕಲಿಸಬೇಕೆಂದಿದ್ದೇನೆ. ಅವನಿಗೆ ಮಡಚುವ ಚಾಕು ಸುರಕ್ಷಿತವಲ್ಲವೇ?

ಉತ್ತರ: ಮಡಚುವುದಕ್ಕಿಂತ ಮಡಚದ್ದೇ ಸುರಕ್ಷಿತ. ಕೆಲಸದ ನಡುವೆ ಬೆರಳ ಮೇಲೆ ಮುಚ್ಚಿಕೊಳ್ಳುವ ಭಯವಿಲ್ಲ. 7–8 ಸೆಂ.ಮೀ. ಅಲಗು, ಬೆರಳು ಮುಂದೆ ಜಾರದಂತೆ ತಡೆ, ಸಾಧ್ಯವಾದರೆ ದುಂಡು ಮೊನೆ ಇರುವುದನ್ನು ಕೊಡಿ. ಹಿಡಿ ಅವನ ಪುಟ್ಟ ಕೈಗೆ ಹೊಂದಬೇಕು, ದೊಡ್ಡವರ ಹಿಡಿ ಅವನ ಕೈಯಲ್ಲಿ ತಿರುಗುತ್ತದೆ. ಚಾಕು ಹರಿತವಾಗಿರಲಿ, ಮೊಂಡಾದದ್ದಕ್ಕೆ ಬಲ ಹಾಕಿದಾಗಲೇ ಜಾರುವುದು.

ಕೂತೇ ಕೆತ್ತಬೇಕು. ಮೊಣಕೈ ಮೊಣಕಾಲ ಮೇಲೆ, ಚಾಕು ಮತ್ತು ಕೋಲು ಮೊಣಕಾಲಿನಿಂದ ಆಚೆ. ತೊಡೆಗಳ ನಡುವೆ ಕೆತ್ತಲು ಬಿಡಲೇಬೇಡಿ, ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹೋಗುತ್ತದೆ, ಅಲ್ಲಿ ಆಳದ ಗಾಯವಾದರೆ ನಿಮಿಷಗಳಲ್ಲಿ ಪ್ರಾಣಾಪಾಯ. ಒರೆಯಲ್ಲಿರುವ ಚಾಕು ಹಿಡಿದು ಕೈ ಚಾಚಿ ಸುತ್ತಲೂ ತಿರುಗಿದಾಗ ಯಾರಿಗೂ ತಾಗಬಾರದು, ಅಷ್ಟು ಜಾಗವಿದ್ದರೆ ಮಾತ್ರ ಒರೆಯಿಂದ ತೆಗೆಯಲಿ. ಎದ್ದು ನಿಲ್ಲುವ ಮೊದಲು, ಯಾರಾದರೂ ಕರೆದಾಗ, ಇನ್ನೊಬ್ಬರಿಗೆ ಕೊಡುವಾಗ ಚಾಕು ಒರೆಗೆ ಹೋಗಲೇಬೇಕು. ಮೊದಲ ಕೆಲಸಕ್ಕೆ ಹೆಬ್ಬೆರಳು ದಪ್ಪದ ಹಸಿ ಕೋಲು ಕೊಟ್ಟು ತೊಗಟೆ ಹೆರೆಸಿ. ಹಸಿ ಮರ ಮೆತ್ತಗಿರುತ್ತದೆ, ಬೆವೆಲ್ ಎಲ್ಲಿ ಕಚ್ಚುತ್ತದೆಂದು ಬೇಗ ತಿಳಿಯುತ್ತದೆ. ಅದು ಕೈಗೆ ಬಂದ ಮೇಲೆ ಗೂಟದ ತುದಿ, ಆಮೇಲೆ ಕಚ್ಚು. ಕಟ್ಟಿಗೆ ಸೀಳುವುದು ಸದ್ಯಕ್ಕೆ ನಿಮ್ಮ ಪಾಲಿಗಿರಲಿ. ಅಗಲವಾದ ಒತ್ತುಪಟ್ಟಿಯೊಂದು ನಿಮ್ಮ ಜೇಬಿನಲ್ಲಿರಲಿ. ಕೊಯ್ದುಕೊಂಡರೆ ಗಾಯದ ಮೇಲೆ ನೇರವಾಗಿ, ಬಿಡದೆ ಹತ್ತು ನಿಮಿಷ ಒತ್ತಿ ಹಿಡಿಯಬೇಕೆಂದು ಮಗನಿಗೂ ಮೊದಲೇ ಹೇಳಿಕೊಡಿ.